ನನ್ನ ಹೆಸರಿನಲ್ಲಿ ನಿನ್ನ ಹೆರಿಗೆ

ನ್ಯಾಮತಿ
ಸೋಮವಾರ, 9 ಫೆಬ್ರವರಿ 2026

ನನ್ನ ದುರ್ಗಿಗೆ,

ನಾವೆಲ್ಲ ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಅಂತ ಶಾಲೆಯಲ್ಲಿ ಕಲಿಸಿದ ಹಾಗೆ ಶುರು ಮಾಡಲು ಕೂತೆ. ಆ ಸಾಲು ಬರೆಯಲು ಕೈ ಬರಲಿಲ್ಲ. ನೀನು ಕ್ಷೇಮವಾಗಿ ಉಳಿಯಬೇಕೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಈ ಕಾಲದಲ್ಲಿ ಪತ್ರವೇ ಎಂದು ನಗಬೇಡ. ಫೋನ್ ಮಾಡಿದರೆ ಎತ್ತುವವರು ನಿನ್ನ ಅತ್ತೆ. ಸ್ಪೀಕರ್ ಹಾಕಿ ನಿನ್ನ ಮುಂದೆ ಇಟ್ಟು ಅಲ್ಲೇ ಕೂರುತ್ತಾರೆ. ಹೋದ ವಾರ ಎರಡು ಸಲ ಮಾಡಿದೆ. ಊಟ ಆಯ್ತಾ, ಕಾಲು ಊದಿದೆಯಾ ಎಂದು ಕೇಳಿ ಇಟ್ಟುಬಿಟ್ಟೆ. ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ. ನನಗೆ ಈಗ ನಿದ್ದೆಯೇ ಇಲ್ಲ. ನನ್ನ ಮಗಳು ಪುಟ್ಟಿಗೆ ಐದೇ ತಿಂಗಳಾದರೂ ಅವಳು ಒಂದೇ ಸಮ ಮಲಗುತ್ತಾಳೆ, ಎದ್ದು ಕೂರುವವಳು ನಾನು. ಅವಳ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತೇನೆ. ನೋಡಿ, ನಿನ್ನ ನೆನಪಾಗಿ, ಮತ್ತೆ ನೋಡುತ್ತೇನೆ.

ನಾಲ್ಕು ವರ್ಷದ ಹಿಂದಿನದರಲ್ಲಿ ಅರ್ಧ ನಿನಗೆ ಗೊತ್ತು, ಅರ್ಧ ನನಗೆ ಗೊತ್ತು. ಎರಡನ್ನೂ ಒಂದು ಕಡೆ ಇಟ್ಟರೇ ಅದರೊಳಗಿನ ಅಪಾಯ ಕಾಣುವುದು. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಆಗ ನಿನಗೆ ಹದಿನಾರು ತುಂಬಿ ಸ್ವಲ್ಪ ದಿನ. ಸೂಳೆಕೆರೆ ಪಕ್ಕದ ಊರಿನ ಕೆಂಚೇಶನಿಗೆ ನಿನ್ನನ್ನು ಕೊಟ್ಟು ವರ್ಷವಾಗಿರಲಿಲ್ಲ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಅಮ್ಮ ನಿನ್ನನ್ನು ಸೊಕ್ಕೆಗೆ ಕರೆತಂದಳು. ಹದಿನೆಂಟಾಗದ ಹುಡುಗಿ ಬಸುರಿಯಾಗಿ ಬಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ಕೆಂಚೇಶನೂ ಒಳಗೆ, ಅಪ್ಪನೂ ಒಳಗೆ. ಮನೆಯಲ್ಲೇ ಹೆರಿಗೆ ಮಾಡಿಸೋಣವೆಂದರೆ ನಿನಗೆ ಆಗಲೇ ರಕ್ತ ಕಡಿಮೆ. ಆಗ ನನ್ನ ಆಧಾರ್ ಕಾರ್ಡು ಹೊರಗೆ ಬಂತು. ಅದರ ಫೋಟೋದಲ್ಲಿ ನಾನೂ ಹದಿನಾರರವಳೇ, ಎರಡು ಜಡೆ, ಥೇಟ್ ನಿನ್ನ ಮುಖ. ಜಗಳೂರಿನ ಆ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನೀನು ಇಪ್ಪತ್ತೆರಡು ವರ್ಷದ ಗಂಗೋತ್ರಿಯಾದೆ. ನಾನು ದಾವಣಗೆರೆಯಲ್ಲಿ ಬಿ.ಎಸ್ಸಿ. ಕೊನೆಯ ಪರೀಕ್ಷೆ ಬರೆಯುತ್ತಿದ್ದೆ. ಆ ದಿನ ನನ್ನ ಫೋನಿಗೆ ಆರು ಅಂಕಿಯ ಓಟಿಪಿ ಬಂತು. ಆಸ್ಪತ್ರೆಯಿಂದ ಅಮ್ಮ ಫೋನ್ ಮಾಡಿ ಕೇಳಿದಳು, ಹಾಸ್ಟೆಲ್ ಮೆಟ್ಟಿಲ ಮೇಲೆ ನಿಂತು ಓದಿ ಹೇಳಿದೆ. ಅಲ್ಲಿಗೆ ನನ್ನ ಹೆಸರಿನಲ್ಲಿ ಒಂದು ಆರೋಗ್ಯ ಖಾತೆ ತೆರೆಯಿತು. ನಿನ್ನ ಹೆರಿಗೆ, ನಿನ್ನ ರಕ್ತ, ನಿನ್ನ ಔಷಧಿ ಎಲ್ಲ ಅದರೊಳಗೆ ಹೋಯಿತು.

ಮಗು ಹನ್ನೊಂದನೆಯ ದಿನ ಹೋಯಿತು. ಆಮೇಲೆ ನಾವ್ಯಾರೂ ಆ ಮಾತೆತ್ತಲಿಲ್ಲ. ನಿನ್ನ ಗಂಡನ ಮನೆಯವರೂ ಎತ್ತಲಿಲ್ಲ. ಹೆರಿಗೆಯೇ ಆಗಿಲ್ಲ ಎನ್ನುವ ಹಾಗೆ ಎಲ್ಲರೂ ಬದುಕಿದೆವು.

ನನ್ನ ಹೆರಿಗೆಗೆ ನಾನು ಸೊಕ್ಕೆಗೆ ಬರಲಿಲ್ಲವೆಂದು ನಿನಗೆ ಕೋಪ ಬಂದಿತ್ತು. ಓದಿದವಳಿಗೆ ತವರು ಬೇಡವಾಯಿತು ಎಂದು ನೀನು ಆಡಿದ್ದು ಅಮ್ಮನ ಬಾಯಿಂದ ನನಗೂ ತಲುಪಿತು. ನಾನು ಬರಲಿಲ್ಲ ಏಕೆಂದರೆ ಜಗಳೂರಿನಲ್ಲಿ ನನಗೆ ಆಗಲೇ ಒಂದು ಹೆರಿಗೆಯಾಗಿತ್ತು. ಕಾರ್ಡು ತೋರಿಸಿದ ಕೂಡಲೇ ಅದು ಎದ್ದು ಬರುತ್ತದೆಂದು ಹೆದರಿದೆ. ನಮ್ಮವರಿಗೆ ಏನೇನೋ ಹೇಳಿ ಹೊನ್ನಾಳಿಯಲ್ಲಿ ಕಾರ್ಡು ಕೇಳದ ಒಂದು ನರ್ಸಿಂಗ್ ಹೋಮಿಗೆ ಸೇರಿಕೊಂಡೆ. ಬಾಣಂತನಕ್ಕೆ ತಾಯಿಯ ಕೈ ಬೇಕಿತ್ತು, ದುರ್ಗಿ. ಅತ್ತೆ ಕಡಿಮೆ ಮಾಡಲಿಲ್ಲ, ಆದರೂ ನೀರು ಹಾಕುವಾಗ ಅಮ್ಮನ ಕೈ ಬೇಕೆನಿಸಿ ಬಚ್ಚಲಲ್ಲಿ ಅತ್ತಿದ್ದೇನೆ.

ಈಗ ಹೋದ ತಿಂಗಳಿನದು ಹೇಳುತ್ತೇನೆ. ಪುಟ್ಟಿಗೆ ಲಸಿಕೆ ಹಾಕಿಸುವುದಿತ್ತು. ನನಗೂ ಎದೆಯಲ್ಲಿ ಹಾಲು ಗಟ್ಟಿಯಾಗಿ, ಕೀವಾಗಿ ಜ್ವರ. ಅತ್ತೆಯನ್ನು ಜೊತೆ ಮಾಡಿಕೊಂಡು ಇಲ್ಲಿನ ಆಸ್ಪತ್ರೆಗೆ ಹೋದೆ. ಈಗ ಅಲ್ಲಿ ಬರೀ ನಂಬರ್ ಬರೆದುಕೊಳ್ಳುವುದಿಲ್ಲ. ಕಾರ್ಡು ಕೊಟ್ಟು ಹೆಬ್ಬೆಟ್ಟು ಒತ್ತಬೇಕು. ಒತ್ತಿದೆ. ಡಾಕ್ಟರ್ ಪಂಚಾಕ್ಷರಪ್ಪ ಎಂಬುವರು, ವಯಸ್ಸಾದವರು, ಬಹಳ ಒಳ್ಳೆಯವರು. ಹಳೆಯದನ್ನು ನೋಡಬಹುದೇ ಎಂದು ಒಪ್ಪಿಗೆ ಕೇಳಿದರು. ಬೇಡವೆಂದರೆ ಅನುಮಾನ ಬರುತ್ತದೆಂದು ಹೂಂ ಅಂದೆ. ಅವರು ಪರದೆ ನೋಡಿ, ಕನ್ನಡಕ ಸರಿ ಮಾಡಿಕೊಂಡು, ಹಿಂದಿನ ಹೆರಿಗೆಯ ಮಗು ಹೇಗಿದೆ ಎಂದು ಕೇಳಿದರು.

ಅತ್ತೆ ಪುಟ್ಟಿಯನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದರು.

ನನಗೆ ಇದೇ ಮೊದಲು, ಯಾವುದೋ ತಪ್ಪಾಗಿದೆ ಎಂದೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಹಿಂದೆ ಒಂದು ಇಂಜೆಕ್ಷನ್ ಕೊಟ್ಟಾಗ ನಿಮಗೆ ಆಗಿಬರಲಿಲ್ಲವೆಂದು ಕೆಂಪಕ್ಷರದಲ್ಲಿ ಬರೆದಿದೆ, ಅದನ್ನು ಕೊಡುವುದಿಲ್ಲ, ಬೇರೆ ಬರೆಯುತ್ತೇನೆ ಎಂದರು. ಔಷಧಿಯ ಹೆಸರನ್ನೂ ಹೇಳಿದರು. ನನ್ನ ಕಿವಿಯೊಳಗೆ ಬರೀ ಗುಂಯ್ ಎನ್ನುತ್ತಿತ್ತು, ಯಾವುದೂ ಇಳಿಯಲಿಲ್ಲ. ಈ ಬೆರಳಿನ ಏರ್ಪಾಡು ಬಂದಮೇಲೆ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಔಷಧಿ ಪಡೆಯುವುದು ನಿಂತಿದೆ, ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮದನ್ನು ಯಾರೂ ತೆರೆಯಲಾರರು, ಹೆದರಬೇಡಿ ಎಂದು ಸಮಾಧಾನವನ್ನೂ ಹೇಳಿದರು. ನನಗೆ ಅದನ್ನು ಕೇಳಿಯೇ ಇನ್ನಷ್ಟು ಹೆದರಿಕೆಯಾಯಿತು.

ಮನೆಗೆ ಬಂದು ಅತ್ತೆ ಅಕ್ಕಿ ಆರಿಸುತ್ತಾ ಕೇಳಿದರು, ಯಾವ ಮಗು ಅಂತಿದ್ರು ಡಾಕ್ಟ್ರು ಎಂದು. ಬೇರೆ ಯಾರದೋ ಓದಿಬಿಟ್ಟರು ಎಂದೆ.

"ಹೆಬ್ಬೆಟ್ಟು ನಿಂದು, ಚೀಟಿ ಮಾತ್ರ ಬೇರೇರದಾ?" ಅಂದರು. ತಲೆ ಎತ್ತಲಿಲ್ಲ, ಅಕ್ಕಿ ಆರಿಸುತ್ತಲೇ ಇದ್ದರು.

ಆಮೇಲೆ ನಾನು ಮಾಡಿದ್ದನ್ನು ಕೇಳು. ಅತ್ತೆ ತಮ್ಮ ಮಗ ಪ್ರದೀಪ್ ಅವರಿಗೆ ಹೇಳುತ್ತಾರೆ, ಅವರು ನನ್ನ ಫೋನ್ ತೆಗೆದು ನೋಡುತ್ತಾರೆ, ಮದುವೆಗೆ ಮುಂಚೆಯೇ ಇವಳಿಗೆ ಮಗುವಾಗಿತ್ತು ಎನ್ನುತ್ತಾರೆ. ಇದೊಂದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು. ಮಧ್ಯಾಹ್ನ ಪುಟ್ಟಿ ಮಲಗಿದಾಗ ಬಚ್ಚಲ ಮನೆ ಬಾಗಿಲು ಹಾಕಿಕೊಂಡು, ಫೋನಿನಲ್ಲಿ ಆ ಆರೋಗ್ಯ ಖಾತೆಯನ್ನು ಅಳಿಸಿಹಾಕಿದೆ. ಖಚಿತವೇ ಎಂದು ಎರಡು ಸಲ ಕೇಳಿತು. ಎರಡು ಸಲವೂ ಹೌದು ಎಂದು ಒತ್ತಿದೆ. ಒಳಗೆ ಬರೆದಿದ್ದನ್ನು ಓದಲೂ ಇಲ್ಲ. ಆಮೇಲೆ ಮುಖ ತೊಳೆದುಕೊಂಡು ಬಂದು ಸಾರಿಗೆ ಒಗ್ಗರಣೆ ಹಾಕಿದೆ. ಅವತ್ತು ಮೈ ಹಗುರಾಗಿತ್ತು.

ಮೊನ್ನೆ ಶುಕ್ರವಾರ ಅಮ್ಮನಿಗೆ ಫೋನ್ ಮಾಡಿದ್ದೆ. ನಿನಗೆ ದಿನ ಹತ್ತಿರ ಬಂತಲ್ಲ, ಏನು ತಯಾರಿ ಎಂದು ಕೇಳಿದೆ. ಅಮ್ಮ ಇದ್ದಕ್ಕಿದ್ದಂತೆ ಅಳಲು ಶುರು ಮಾಡಿದಳು. ಹಿಂದಿನ ಸಲದ ಹಾಗೆ ಆಗದಿದ್ದರೆ ಸಾಕು ಎಂದಳು. ಹಿಂದಿನ ಸಲ ಏನಾಗಿತ್ತಮ್ಮ ಎಂದೆ. ಹೆರಿಗೆಯಾದ ಮೇಲೆ ಒಂದು ಇಂಜೆಕ್ಷನ್ ಕೊಟ್ಟರಂತೆ. ಸಣ್ಣ ಬಾಟಲಿಯೊಳಗಿನ ಬಿಳಿ ಪುಡಿಗೆ ನೀರು ಬಿಟ್ಟು ಅಲ್ಲಾಡಿಸಿ ಕೊಟ್ಟರಂತೆ. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ನಿನ್ನ ಕಣ್ಣು ತುಟಿ ಊದಿ, ಮೈಯೆಲ್ಲ ದದ್ದು ಎದ್ದು, ಉಸಿರು ನಿಂತಿತಂತೆ. ಓಡಿ ಬಂದು ಏನೇನೋ ಕೊಟ್ಟು ಉಳಿಸಿದರಂತೆ. ಪರೀಕ್ಷೆ ಬರೆಯುವವಳಿಗೆ ಯಾಕೆ ಹೇಳಬೇಕೆಂದು ನನಗೆ ಹೇಳಲಿಲ್ಲವಂತೆ.

ಆಗ ನನಗೆ ಗೊತ್ತಾಯಿತು, ದುರ್ಗಿ. ಆ ಕೆಂಪಕ್ಷರ ನಿನ್ನದು.

ಈಗ ನಿನಗೆ ನಿನ್ನದೇ ಕಾರ್ಡು, ನಿನ್ನದೇ ಬೆರಳು, ನಿನ್ನದೇ ಖಾತೆ. ನೀನು ತೋರಿಸುವ ಚನ್ನಗಿರಿ ಆಸ್ಪತ್ರೆಯಲ್ಲಿ ನಿನ್ನ ಹೆಬ್ಬೆಟ್ಟು ಒತ್ತಿಸಿಕೊಂಡರೆ ಪರದೆಯ ಮೇಲೆ ಹಳೆಯದೇನೂ ಬರುವುದಿಲ್ಲ. ಇಪ್ಪತ್ತು ವರ್ಷ, ಚೊಚ್ಚಲು, ತೊಂದರೆ ಇಲ್ಲ ಎಂದು ಬರುತ್ತದೆ. ನಿನ್ನ ಅತ್ತೆಯೂ ಚೊಚ್ಚಲೆಂದೇ ಹೇಳುತ್ತಾರೆ, ನೀನೂ ಹಾಗೇ ಹೇಳಿದ್ದೀಯ. ಹೆರಿಗೆಯಾದ ಮೇಲೆ ಅದೇ ಬಿಳಿ ಪುಡಿಯನ್ನು ಅವರು ಅಲ್ಲಾಡಿಸುತ್ತಾರೆ. ಕಣ್ಣು ಮುಚ್ಚಿದರೆ ನನಗೆ ಅದೇ ಕಾಣುತ್ತದೆ. ಅದರ ಹೆಸರು ನಿನಗೆ ಗೊತ್ತಿಲ್ಲ, ಅಮ್ಮನಿಗೆ ಗೊತ್ತಿಲ್ಲ. ನಾನು ಬಚ್ಚಲಲ್ಲಿ ನಿಂತು ಅಳಿಸಿಬಿಟ್ಟೆ. ಪಂಚಾಕ್ಷರಪ್ಪನವರ ಹತ್ತಿರ ಓಡಿದೆ. ಅವರು ರಜೆಯ ಮೇಲೆ ಹೋಗಿದ್ದರು. ಇದ್ದ ಡಾಕ್ಟರ್ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡು ನೋಡಿ, ಇಲ್ಲೇನೂ ಇಲ್ಲವಲ್ಲಮ್ಮ, ನೀವೇ ತೆಗೆದಿದ್ದೀರಿ ಎಂದರು.

ಇನ್ನು ಉಳಿದಿರುವುದು ಜಗಳೂರಿನ ಆಸ್ಪತ್ರೆಯ ಕಾಗದ ಮಾತ್ರ. ಫೋನ್ ಮಾಡಿ ಕೇಳಿದೆ. ಫೋನಿನಲ್ಲಿ ಹೇಳುವುದಿಲ್ಲ, ಯಾರ ದಾಖಲೆಯೋ ಅವರೇ ಬಂದು ಕಾರ್ಡು ಕೊಟ್ಟು ಬೆರಳು ಒತ್ತಬೇಕು ಎಂದರು. ನೀನು ಹೋದರೂ ನಿನಗೆ ಸಿಗುವುದಿಲ್ಲ, ನೋಡು. ಅದು ನನ್ನ ಬೆರಳಿಗೆ ಮಾತ್ರ ಸಿಗುತ್ತದೆ.

ಬುಧವಾರ ಹೋಗುತ್ತೇನೆ. ಮುಂದಿನದನ್ನು ಅಲ್ಲಿಂದ ಬಂದು ಬರೆಯುತ್ತೇನೆ.


ಸೊಕ್ಕೆ
ಬುಧವಾರ, ಸಂಜೆ

ಅಮ್ಮ ಹಿತ್ತಲಲ್ಲಿ ಪುಟ್ಟಿಗೆ ಎಣ್ಣೆ ಹಚ್ಚುತ್ತಿದ್ದಾಳೆ. ನಾನು ನಿನ್ನ ಮಗುವಿಗೆ ಹೆಸರುಗಳ ಪಟ್ಟಿ ಬರೆಯುತ್ತಿದ್ದೇನೆ ಎಂದುಕೊಂಡಿದ್ದಾಳೆ. ನಾಳೆ ಅವಳು ನಿನಗೆ ಬಳೆ ತೊಡಿಸಲು ಬರುವಾಗ ಈ ಪತ್ರ ರವಿಕೆ ಕಣದ ಮಡಿಕೆಯಲ್ಲಿ ಇರುತ್ತದೆ. ಹೆಣ್ಣಾದರೆ ನಮ್ಮತ್ತೆ ಹೆಸರು ಇಡಾಕೆ ಬರಿ ಎಂದು ಈಗಷ್ಟೇ ಕೂಗಿ ಹೇಳಿದಳು. ಬರೆದೆ ಎಂದೆ.

ಹೊರಡುವ ಮುಂಚೆ ಪ್ರದೀಪ್ ಅವರಿಗೆ ಹೇಳಿದೆ. ಹೇಳದೇ ಹೋಗಬಹುದಿತ್ತು, ತವರಿಗೆ ಹೋಗುತ್ತೇನೆಂದರೆ ಸಾಕಿತ್ತು. ಆದರೆ ಅತ್ತೆ ಮೂರು ವಾರದಿಂದ ನನ್ನನ್ನು ನೋಡುವ ನೋಟ ನೀನು ನೋಡಿಲ್ಲ. ನಿನ್ನೆ ಅವರ ಮೋಟಾರು ರಿಪೇರಿ ಅಂಗಡಿಗೆ ಹೋದೆ. ಅವರು ಮೋಟಾರಿಗೆ ತಂತಿ ಸುತ್ತುತ್ತಾ ಕೂತಿದ್ದರು. ಎದುರಿಗೆ ನಿಂತು ಎಲ್ಲವನ್ನೂ ಹೇಳಿದೆ. ಆ ಮಗು ನನ್ನದಲ್ಲ, ನನ್ನ ತಂಗಿಯದು, ಹೆಸರು ಮಾತ್ರ ನನ್ನದು ಎಂದೆ. ಅವರು ತಲೆ ತಗ್ಗಿಸಿ ಸುತ್ತು ಎಣಿಸುತ್ತಲೇ ಇದ್ದರು. ನಾನು ಹೇಳಿ ಮುಗಿಸಿದ ಮೇಲೆ ಕೈ ನಿಂತಿತು.

"ಎಣಿಕೆ ತಪ್ಪೋತು," ಅಂದರು. ಸುತ್ತಿದ ತಂತಿಯನ್ನೆಲ್ಲ ಬಿಚ್ಚಲು ಶುರು ಮಾಡಿದರು. "ಹೋಗಿ ಬಾ. ಬಂದ ಮ್ಯಾಲೆ ಮಾತಾಡಾನ."

ನಂಬಿದರೋ ಇಲ್ಲವೋ ಗೊತ್ತಿಲ್ಲ. ಬಸ್ ಸ್ಟ್ಯಾಂಡಿಗೆ ಬಂದು ಬಿಡಲಿಲ್ಲ. ಮಗಳನ್ನು ಎತ್ತಿಕೊಂಡು ಒಂದು ಸಲ ಹಣೆ ಮುಟ್ಟಿ ಕೊಟ್ಟರು. ಆ ಮನೆಗೆ ನಾನು ವಾಪಸ್ ಹೋಗುವಾಗ ಬಾಗಿಲು ಹೇಗೆ ತೆರೆಯುತ್ತದೋ ಎಂದು ಹೊನ್ನಾಳಿ ದಾಟಿ ಹರಿಹರ ಬರುವತನಕ ಯೋಚಿಸುತ್ತಿದ್ದೆ. ಆಮೇಲೆ ನಿನ್ನ ಯೋಚನೆ ಶುರುವಾಯಿತು. ಅದರ ಮುಂದೆ ಇದು ಸಣ್ಣದಾಯಿತು.

ಜಗಳೂರಿನಲ್ಲಿ ಕೌಂಟರಿನ ಹುಡುಗಿ ಕಾರ್ಡು ತೆಗೆದುಕೊಂಡು ಯಂತ್ರ ಮುಂದಿಟ್ಟಳು. ಬೆರಳು ಬೆವತು ಎರಡು ಸಲ ಹಿಡಿಯಲಿಲ್ಲ. ಮೂರನೆಯ ಸಲ ಸೀರೆಗೆ ಒರೆಸಿ ಒತ್ತಿದೆ, ಹಸಿರು ದೀಪ ಬಂತು. ಆ ಹುಡುಗಿ ಒಳಗೆ ಹೋಗಿ ಹಳೆಯ ಫೈಲ್ ತರಲು ಒಬ್ಬ ನರ್ಸನ್ನು ಕಳಿಸಿದಳು. ಆಮಿನಾ ಸಿಸ್ಟರ್ ಎಂದು ಎಲ್ಲರೂ ಕರೆಯುತ್ತಿದ್ದರು. ನೆರೆತ ಕೂದಲು, ಕೈಯಲ್ಲಿ ಜಪಮಣಿ ಸುತ್ತಿಕೊಂಡಿದ್ದರು. ಫೈಲ್ ಬಿಡಿಸಿ ಓದಿದರು, ನನ್ನ ಮುಖ ನೋಡಿದರು, ಮತ್ತೆ ಓದಿದರು. ನನ್ನನ್ನು ಪಕ್ಕದ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಪೊಲೀಸರಿಗೇ ಫೋನ್ ಮಾಡುತ್ತಾರೆ ಎಂದುಕೊಂಡೆ. ಪುಟ್ಟಿ ಕೂಡ ಆಗಲೇ ಅಳಲು ಶುರು ಮಾಡಿದಳು.

"ನೀನಲ್ಲ ಅವತ್ತು ಬಂದಿದ್ದು," ಎಂದರು. "ಆ ಹುಡುಗಿ ಉಸಿರು ನಿಂತಾಗ ತೊಡೆ ಮ್ಯಾಲೆ ಹಾಕ್ಕೊಂಡು ಕುಂತೋಳು ನಾನು. ಗದ್ದದ ಕೆಳಗೆ ಸುಟ್ಟ ಕಲೆ ಐತೆ ಆಕಿಗೆ. ಮರೀತೀನಾ?"

ಅಳುವ ಮಗುವನ್ನು ಅವರೇ ಎತ್ತಿಕೊಂಡರು.

"ಹೆಂಗದಾಳೆ ಈಗ?"

ಬಸುರಿ, ಇನ್ನು ಹದಿನೈದು ದಿನವೂ ಇಲ್ಲ ಎಂದೆ. ಆಮೇಲೆ ಎಲ್ಲ ಹೇಳಿದೆ, ಅಳಿಸಿದ್ದನ್ನೂ ಹೇಳಿದೆ. ಅವರು ಸಿಟ್ಟು ಮಾಡಲಿಲ್ಲ. ಅವತ್ತೇ ಅನುಮಾನ ಬಂದಿತ್ತಂತೆ. ಕೇಳಿದ್ದರೆ ನಾವು ನಿನ್ನನ್ನು ಎಬ್ಬಿಸಿಕೊಂಡು ಹೋಗಿ ಮನೆಯಲ್ಲಿ ಹೆರಿಗೆ ಮಾಡಿಸುತ್ತಿದ್ದೆವು, ಅದಕ್ಕೆ ಸುಮ್ಮನಿದ್ದೆ, ಸುಮ್ಮನಿದ್ದದ್ದು ಸರಿಯೋ ತಪ್ಪೋ ಇನ್ನೂ ಗೊತ್ತಾಗಿಲ್ಲ ಎಂದರು.

ಔಷಧಿಯ ಹೆಸರು ಸೆಫ್ಟ್ರಿಯಾಕ್ಸೋನ್. ಬಾಯಿಪಾಠ ಮಾಡು. ಒಲೆ ಮುಂದೆ ಕೂತಾಗ ಹೇಳಿಕೋ, ನೀರು ಸೇದುವಾಗ ಹೇಳಿಕೋ. ನಿನ್ನ ರಕ್ತ ಬಿ ನೆಗೆಟಿವ್, ಅವತ್ತು ರಕ್ತವೂ ಬಹಳ ಹೋಗಿತ್ತಂತೆ, ಒಂದು ಬಾಟಲಿ ಕೊಟ್ಟಿದ್ದಾರೆ.

ಫೈಲಿನ ಪ್ರತಿ ತೆಗೆದುಕೊಟ್ಟರು. ಬಾಗಿಲವರೆಗೆ ಬಂದವಳನ್ನು ಅವರೇ ನಿಲ್ಲಿಸಿದರು. ಈ ಕಾಗದದ ಮೇಲೆಲ್ಲ ಗಂಗೋತ್ರಿ ಎಂದಿದೆ, ದುರ್ಗಾಂಬಿಕಾ ಎಂದು ಹೋದವಳು ಇದನ್ನು ತೋರಿಸಿದರೆ ಡಾಕ್ಟರ್ ಯಾರದಿದು ಎಂದು ಪಕ್ಕಕ್ಕಿಡುತ್ತಾರೆ ಎಂದರು. "ಬರಕೊಡು. ಅವತ್ತು ಹೆತ್ತೋಳು ನಾನಲ್ಲ, ಅವಳು ಅಂತ ಬರಕೊಟ್ಟು ಸಹಿ ಹಾಕು. ಅದರಿಂದ ಏನು ಬರುತ್ತೋ ಬರ್ಲಿ."

ಅದನ್ನೇ ಮಾಡಿದ್ದೇನೆ. ಇದರ ಜೊತೆ ಪಿನ್ ಹಾಕಿದ ಹಾಳೆ ನಿನ್ನ ಡಾಕ್ಟರಿಗೆ. ಅದರಲ್ಲಿ ನನ್ನ ಹೆಸರು, ಕಾರ್ಡಿನ ನಂಬರ್, ನಿನ್ನ ಹೆಸರು, ಅವತ್ತಿನ ತಾರೀಖು, ಔಷಧಿ, ರಕ್ತ ಎಲ್ಲ ಇದೆ. ಕೆಳಗೆ ನನ್ನ ಸಹಿ, ಅದರ ಪಕ್ಕದಲ್ಲಿ ಹೆಬ್ಬೆಟ್ಟು. ಸಹಿ ಹಾಕುವಾಗ ಅಪ್ಪನ ಮುಖ ಕಣ್ಣ ಮುಂದೆ ಬಂತು. ಅಂಗಳದಲ್ಲಿ ಹಗ್ಗ ಹೊಸೆಯುತ್ತಾ ಕೂತಿದ್ದಾನೆ, ಇದ್ಯಾವುದೂ ಗೊತ್ತಿಲ್ಲ. ಕೇಸಾದರೆ ಅವನನ್ನೂ ಕರೆಯುತ್ತಾರೆ, ಕೆಂಚೇಶನನ್ನೂ ಕರೆಯುತ್ತಾರೆ, ಸುಳ್ಳು ಕಾರ್ಡು ತೋರಿಸಿದ್ದಕ್ಕೆ ನನ್ನನ್ನೂ ಕರೆಯುತ್ತಾರೆ. ಹಾಲು ಕುಡಿಯುವ ಮಗುವನ್ನು ಯಾರ ಕೈಗೆ ಕೊಡಲಿ ಎಂದು ಯೋಚಿಸುತ್ತಲೇ ಬರೆದೆ. ಸಹಿ ಸೊಟ್ಟಗಿದೆ, ಆದರೂ ನನ್ನದೇ.

ಕಾರ್ಡಿನ ಯೋಚನೆ ಅಮ್ಮನದೆಂದು ನೀನು ಇಂದಿಗೂ ತಿಳಿದಿದ್ದೀಯ. ಅಲ್ಲ. ಫೋನಿನಲ್ಲಿ ಅಮ್ಮನಿಗೆ ಹೇಳಿಕೊಟ್ಟವಳು ನಾನು. ಅಲ್ಲಿ ಯಾರೂ ಮುಖ ನೋಡುವುದಿಲ್ಲ, ನಂಬರ್ ನೋಡುತ್ತಾರೆ ಎಂದಿದ್ದೆ. ಓದಿದವಳ ಮಾತೆಂದು ಅಮ್ಮ ಕೇಳಿದಳು.

ನೋವು ಬರುವ ತನಕ ಕಾಯಬೇಡ. ಶುಕ್ರವಾರವೇ ಚನ್ನಗಿರಿಗೆ ಹೋಗು. ಅಮ್ಮನನ್ನು ಜೊತೆಗೆ ಕರೆದುಕೋ. ಕೆಂಚೇಶನಿಗೆ ಈ ಪತ್ರ ಓದಿ ಹೇಳು. ಅವನು ಕೂಗಾಡಿದರೆ ಕೂಗಾಡಲಿ. ಹೆಂಡತಿ ಇರುವುದು ಮೇಲೋ, ಕೇಸಿಲ್ಲದಿರುವುದು ಮೇಲೋ ಎಂದು ಕೇಳು. ನಿನ್ನ ಅತ್ತೆ ಒಳಗೆ ಬಂದರೂ ಡಾಕ್ಟರ ಕೈಗೆ ಹಾಳೆಯನ್ನು ನೀನೇ ಕೊಡು. ಓದಿದ ಮೇಲೆ ಇದನ್ನು ಸುಟ್ಟುಬಿಡಬೇಡ. ನಮ್ಮ ಮನೆಯಲ್ಲಿ ಇಂಥದ್ದನ್ನೆಲ್ಲ ಒಲೆಗೆ ಹಾಕಿ ಅಭ್ಯಾಸ, ಅದಕ್ಕೇ ಹೇಳುತ್ತಿದ್ದೇನೆ.

ನಿನ್ನ ಧ್ವನಿ ಕೇಳುವ ತನಕ ನನಗೆ ಊಟ ಸೇರುವುದಿಲ್ಲ.

ನಿನ್ನ ಅಕ್ಕ,
ಗಂಗೋತ್ರಿ

ಇದೊಂದು ಬಿಟ್ಟಿತ್ತು: ಆಸ್ಪತ್ರೆಯಲ್ಲಿ ನಿನ್ನ ಹೆಸರಿನ ಮುಂದೆ ಯಾರ ಫೋನ್ ನಂಬರ್ ಬರೆಸಿದ್ದಾರೆ ಎಂದು ಕೇಳು. ನಿನ್ನದೇ ಬರೆಸು, ಹೆರಿಗೆಯಾದ ಮೇಲೆ ಆ ಫೋನ್ ನಿನ್ನ ತಲೆದಿಂಬಿನ ಹತ್ತಿರವೇ ಇರಲಿ. ಅವತ್ತು ಬರೆಸಿದ್ದು ನನ್ನ ನಂಬರ್. ಮಗು ಹುಟ್ಟಿದ ಐದನೆಯ ದಿನ ನನಗೆ ಒಂದು ಮೆಸೇಜ್ ಬಂತು. ಮಗುವಿನ ರಕ್ತದ ವರದಿ ಬಂದಿದೆ, ಕಾಮಾಲೆ ಜಾಸ್ತಿ ಇದೆ, ಕೂಡಲೇ ಕರೆತನ್ನಿ ಎಂದಿತ್ತು. ಫೋನ್ ಮಾಡಿದರೆ ನೀವ್ಯಾರು ಎನ್ನುತ್ತಾರೆಂದು ಹೆದರಿ ನಾನು ಆಸ್ಪತ್ರೆಗೆ ಮಾಡಲಿಲ್ಲ. ಸಂಜೆ ಅಮ್ಮನಿಗೆ ಮಾಡಿ ಮಗು ಹೇಗಿದೆ ಎಂದು ಮಾತ್ರ ಕೇಳಿದೆ. ಚೆನ್ನಾಗೈತೆ, ಒಂಚೂರು ಹಳದಿ, ಬಿಸಿಲಿಗೆ ಹಿಡೀತೀನಿ ಎಂದಳು. ನನಗೂ ಅದೇ ಉತ್ತರ ಬೇಕಾಗಿತ್ತು, ಮೆಸೇಜಿನ ಮಾತು ಹೇಳಲಿಲ್ಲ. ಏಳನೆಯ ದಿನ ಇನ್ನೊಂದು ಬಂತು. ಮಾರನೆಯ ದಿನ ನನಗೆ ಪ್ರಾಕ್ಟಿಕಲ್ ಪರೀಕ್ಷೆ ಇತ್ತು. ಆ ಮೆಸೇಜನ್ನು ಓದಿ ಅಳಿಸಿದೆ.